ಮತ್ತಿಕೆರೆಯ ಮಹಡಿ ಕೋಣೆಯ ಪರೀಕ್ಷೆ

ಮತ್ತಿಕೆರೆಯ ಆ ಮಹಡಿ ಕೋಣೆಯಲ್ಲಿ ರೈಲು ಹೋಗುವವರೆಗೆ ಯಾರೂ ರೆಕಾರ್ಡ್ ಮುಟ್ಟುವಂತಿರಲಿಲ್ಲ. ಯಶವಂತಪುರದಿಂದ ಹೊರಟ ಗಾಡಿ ಮನೆಯ ಹಿಂದಿನ ಹಳಿಯ ಮೇಲೆ ಹಾದುಹೋದರೆ ನೆಲ ಸಣ್ಣಗೆ ನಡುಗುತ್ತಿತ್ತು. ಸೂಜಿ ಗೆರೆ ತಪ್ಪುತ್ತಿತ್ತು. ಮನೆಯ ಯಜಮಾನರು ಗಾಡಿಗಳ ಹೊತ್ತನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದರು. ಎರಡು ಗಾಡಿಗಳ ನಡುವೆ ಎಷ್ಟು ಬಿಡುವಿದೆ ಎಂದು ನೋಡಿ, ಅಷ್ಟರಲ್ಲಿ ಮುಗಿಯುವ ರೆಕಾರ್ಡನ್ನು ಆರಿಸುತ್ತಿದ್ದರು. ಗಾಡಿ ತಡವಾದರೆ ಬೈಗುಳ.

"ಇವನು ಇವತ್ತೂ ಲೇಟಾ? ವೀಣೆ ಹಾಕೋಣ ಅಂತಿದ್ದೆ, ಕೆಡಿಸ್ಬಿಟ್ಟ ನೋಡಿ."

ನಾನು ಅಲ್ಲಿಗೆ ಮೊದಲು ಹೋದದ್ದು 2009ರಲ್ಲಿ. ಆಗ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ, ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ. ವಾಸ ಅಟ್ಟೂರು. ಕೋಗಿಲಿನಲ್ಲಿದ್ದ ಗೆಳೆಯನೊಬ್ಬ, ಬ್ಯಾಂಕಿನಲ್ಲಿ ಆಫೀಸರ್, ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕರೆದೊಯ್ದ. ಅವನಿಗೂ ನನಗೂ ಹಳೆಯ ರೇಡಿಯೊ, ರೆಕಾರ್ಡ್ ಪ್ಲೇಯರುಗಳ ಹುಚ್ಚು. ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಒಂದೇ ಕೆಟ್ಟ ಪ್ಲೇಯರಿಗೆ ಇಬ್ಬರೂ ಕೈಹಾಕಿ ಪರಿಚಯವಾದವರು ನಾವು. ಆ ಪ್ಲೇಯರನ್ನು ರಿಪೇರಿ ಮಾಡಬಲ್ಲವರು ಮತ್ತಿಕೆರೆಯಲ್ಲಿದ್ದಾರೆ ಎಂದ.

ಅವರು ರೇಡಿಯೊ ಕಾರ್ಖಾನೆಯೊಂದರಲ್ಲಿ ತಯಾರಾದ ಸೆಟ್ಟುಗಳನ್ನು ಕೇಳಿ ಪಾಸು ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಕೆಳಗಿನ ಎರಡು ಕೋಣೆಗಳನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಮೇಲಿನದನ್ನು ಮಾತ್ರ ಕೊಟ್ಟಿರಲಿಲ್ಲ. ಗೋಡೆಗೆ ಮೊಟ್ಟೆಯ ಟ್ರೇಗಳು, ಕಿಟಕಿಗೆ ಹೆಂಡತಿಯ ಹಳೆಯ ಸೀರೆಗಳ ದಪ್ಪ ಪರದೆ, ನೆಲಕ್ಕೆ ತೆಂಗಿನ ನಾರಿನ ಹಾಸು. ನಡುವೆ ಅವರೇ ಕಟ್ಟಿದ ವಾಲ್ವ್ ಆಂಪ್ಲಿಫೈಯರ್. ಸ್ವಿಚ್ ಒತ್ತಿದ ಮೇಲೆ ಇಪ್ಪತ್ತು ನಿಮಿಷ ಕಾಯಬೇಕು. ವಾಲ್ವ್ ಎಂಬ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲೇ ಅದು ಸರಿಯಾಗಿ ಹಾಡುವುದು ಎಂಬುದು ಅವರ ನಂಬಿಕೆ.

"ಮೂರು ಹುಡುಗ್ರನ್ನ ಹಾಕ್ಬೋದು ಇಲ್ಲಿ. ಇವ್ರು ಪೆಟ್ಟಿಗೆಗಳನ್ನ ಸಾಕ್ಕೊಂಡಿದಾರೆ," ಎಂದು ಅವರ ಹೆಂಡತಿ ಕಾಫಿ ತಂದಾಗಲೆಲ್ಲ ಹೇಳುತ್ತಿದ್ದರು.

"ಪೆಟ್ಟಿಗೆ ಗಲಾಟೆ ಮಾಡಲ್ಲ ಕಣೆ."

"ಮಾಡಲ್ವಾ? ಬೀದಿಗೆಲ್ಲ ಕೇಳತ್ತೆ."

ಐದು ವರ್ಷ, ರಜೆ ಸಿಕ್ಕ ಭಾನುವಾರಗಳಲ್ಲೆಲ್ಲ ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆ ದಾಟಿ ನಾನು ಅಲ್ಲಿಗೆ ಹೋಗಿದ್ದೇನೆ. ಒಮ್ಮೊಮ್ಮೆ ನಾಲ್ಕೈದು ಜನ ಸೇರುತ್ತಿದ್ದರು, ಬಹಳ ಸಲ ನಾವು ಮೂವರೇ. ರೆಕಾರ್ಡಿನ ಒಂದು ಬದಿ ಮುಗಿಯುವವರೆಗೆ ಮಾತಿಲ್ಲ. ಮುಗಿದ ಮೇಲೆ ಅವರು ಹೇಳಬೇಕು, ನಾವು ಕೇಳಬೇಕು. ವೀಣೆಯಾದರೆ ಮೀಟಿದ ಉಗುರು ತಂತಿಯನ್ನು ಬಿಟ್ಟ ಸದ್ದು ಬೇರೆಯಾಗಿ ಕೇಳಬೇಕು ಎನ್ನುತ್ತಿದ್ದರು. ಅವರು ಹೇಳುವವರೆಗೆ ನನಗೆ ಅಂಥ ಸದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಊರಿನ ಎಲ್ಲೆಲ್ಲಿಂದಲೋ ಜನ ಕೆಟ್ಟ ಸೆಟ್ಟುಗಳನ್ನು ಹೊತ್ತು ತರುತ್ತಿದ್ದರು. ಯಜಮಾನರು ಮೊದಲು ಅಳತೆಯ ಮೀಟರ್ ಮುಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ ಅರ್ಧ ನಿಮಿಷ ಕೇಳಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಆಮೇಲೆ ಮೀಟರ್ ಹಿಡಿದು ನಮಗೆ ತೋರಿಸುತ್ತಿದ್ದರು.

"ನೀವು ಓದಿ ತಿದ್ದೋರು, ನಾನು ಕೇಳಿ ತಿದ್ದೋನು. ಇಬ್ರದ್ದೂ ಒಂದೇ ಕಸುಬು ಕಣ್ರೀ," ಎಂದು ನನಗೆ ಹೇಳಿದ್ದರು. ಆ ಮಾತು ನನಗೆ ಇಷ್ಟವಾಗಿತ್ತು.

2014ರ ಒಂದು ಭಾನುವಾರ ಬ್ಯಾಂಕಿನ ಗೆಳೆಯ ಅಂಗೈಯಗಲದ ಹೊಸ ಆಂಪ್ಲಿಫೈಯರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಆನ್‌ಲೈನಿನಲ್ಲಿ ತರಿಸಿದ್ದು, ಅಗ್ಗದ್ದು.

"ಗುರುಗಳೇ, ಕೋಪ ಮಾಡ್ಕೋಬೇಡಿ. ಇದ್ರ ಮುಂದೆ ನಿಮ್ದು ಬರೀ ರೂಮ್ ಹೀಟರ್."

"ಹೌದೇನ್ರಿ? ಯಾವ್ದು ಹಾಡ್ತಿದೆ ಅಂತ ನಾನು ಕೆಳಗಡೆ ಅಡುಗೆಮನೇಲಿ ನಿಂತ್ಕೊಂಡು ಹೇಳ್ತೀನಿ."

"ಹೇಳಿ, ನೋಡೇಬಿಡೋಣ."

ಇಬ್ಬರೂ ನಗುತ್ತಿದ್ದರು. ಅಲ್ಲಿಗೇ ಮುಗಿಯಬೇಕಾದ ಮಾತು ಅದು. ಮುಗಿಯಲು ಬಿಡದವನು ನಾನು. "ಮಾಡೋದಾದ್ರೆ ಸರಿಯಾಗಿ ಮಾಡೋಣ" ಎಂದೆ.

ನಿಯಮಗಳೂ ನನ್ನವೇ. ಎರಡು ಆಂಪ್ಲಿಫೈಯರುಗಳನ್ನೂ ಸ್ಪೀಕರುಗಳನ್ನೂ ಬೆಡ್‌ಶೀಟಿನ ಹಿಂದೆ ಇಡುವುದು. ಮುಂದಿನ ಕುರ್ಚಿಯಲ್ಲಿ ಅವರೊಬ್ಬರೇ ಕೂರುವುದು. ಹತ್ತು ಸರದಿ. ಪ್ರತಿ ಸರದಿಗೂ ನಾನು ನಾಣ್ಯ ಚಿಮ್ಮಿ ಯಾವುದೆಂದು ನಿರ್ಧರಿಸಬೇಕು, ಗೆಳೆಯ ತಂತಿಗಳನ್ನು ಅದಕ್ಕೆ ಹಾಕಬೇಕು. ಅದೇ ಆಂಪ್ಲಿಫೈಯರ್ ಮತ್ತೆ ಬಂದರೂ ತಂತಿ ಬಿಚ್ಚಿ ಹಾಕಲೇಬೇಕು, ಇಲ್ಲದಿದ್ದರೆ ಕೈಯ ಸದ್ದಿನಿಂದಲೇ ಗೊತ್ತಾಗಿಬಿಡುತ್ತದೆ. ಎರಡರ ದನಿಯೂ ಒಂದೇ ಮಟ್ಟಕ್ಕೆ ಬರುವಂತೆ ಅವರೇ ಮೀಟರ್ ಹಿಡಿದು ಹೊಂದಿಸಿಕೊಟ್ಟರು. ಅದರಲ್ಲಿ ಕೂದಲೆಳೆಯಷ್ಟೂ ಮೋಸವಿರಲಿಲ್ಲ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಒಂದು ವರ್ಷದಿಂದ ಅವರು ಸಣ್ಣ, ಚೂಪು ಸ್ವರಗಳನ್ನು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಡುತ್ತಿದ್ದರು. ತಾಳದ ಸದ್ದು ನಮ್ಮ ಕಿವಿಗೆ ಚುಚ್ಚುತ್ತಿತ್ತು. ಗೆಳೆಯ ಅದನ್ನು ಗಮನಿಸಿದ್ದನೋ ಇಲ್ಲವೋ, ನಾನಂತೂ ಗಮನಿಸಿದ್ದೆ. ಪರೀಕ್ಷೆ ಸರಿಯಾಗಿ ಆಗಲಿ ಎಂದಾಗ ಅವರ ಕಿವಿ ಮಂದವಾಗುತ್ತಿದೆಯೇ ಎಂಬ ಅನುಮಾನ ನನ್ನೊಳಗಿತ್ತು.

ವೀಣೆಯ ರೆಕಾರ್ಡನ್ನೇ ಹಾಕಿದೆವು. ಅವರು ಬೆಡ್‌ಶೀಟಿನ ಆಚೆಯಿಂದ "ಇದು ನಂದು", "ಇದು ಆ ಡಬ್ಬಿ" ಎಂದು ಒಂದೊಂದೇ ಸರದಿಗೆ ಹೇಳುತ್ತ ಹೋದರು. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದೆ. ಏಳನೇ ಸರದಿಯಲ್ಲಿ ನೋಡುತ್ತೇನೆ, ಬಲಗಡೆಯ ಸ್ಪೀಕರಿನ ತಲೆಯ ಮೇಲೆ ಬೇರೆಯಾಗಿ ಕೂರಿಸಿದ್ದ ಟ್ವೀಟರಿನ ತಂತಿ ಕಿತ್ತು ಜೋತುಬಿದ್ದಿದೆ. ಟ್ವೀಟರ್ ಎಂದರೆ ಸಣ್ಣ ಸ್ವರಗಳನ್ನಷ್ಟೇ ಹಾಡುವ ಪುಟ್ಟ ಸ್ಪೀಕರ್. ಉಗುರು ತಂತಿಯನ್ನು ಬಿಟ್ಟ ಸದ್ದು ಅದರಿಂದಲೇ ಬರಬೇಕು. ಪದೇಪದೇ ಬಿಚ್ಚಿ ಹಾಕುವಾಗ ಗೆಳೆಯನ ಕೈಯೋ ನನ್ನ ಕಾಲೋ ತಗುಲಿರಬೇಕು. ಅವನು ಬಗ್ಗಿ ಕೆಲಸ ಮಾಡುತ್ತಿದ್ದ, ನೋಡಲಿಲ್ಲ.

ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಪುಸ್ತಕದಲ್ಲಿ ಬರೆದೆ: "ಏಳು. ಬಲ ಟ್ವೀಟರ್ ತಂತಿ ಇಲ್ಲ. ಹೇಳಿಲ್ಲ." ಅವರಿಗೆ ಗೊತ್ತಾಗುತ್ತದೆಯೇ ಎಂದು ಕಾದೆ. ಏಳು, ಎಂಟು, ಒಂಬತ್ತು, ಹತ್ತು. ಅವರು ಅದೇ ಗಟ್ಟಿ ದನಿಯಲ್ಲಿ "ಇದು ನಂದು" ಎನ್ನುತ್ತಲೇ ಇದ್ದರು.

ಹತ್ತರಲ್ಲಿ ನಾಲ್ಕು ಸರಿಯಾಗಿದ್ದವು. ಓದಿ ಹೇಳಿದೆ.

"ನಾಲ್ಕಾ?" ಅವರು ಜೋರಾಗಿ ನಕ್ಕರು. "ಕಣ್ಮುಚ್ಚಿ ಬಾಯಿಗೆ ಬಂದಿದ್ದು ಹೇಳಿದ್ರೂ ಐದು ಬರ್ತಿತ್ತಲ್ರೀ!"

"ಹೀಟರ್ ಮಾರ್ಬಿಡಿ ಗುರುಗಳೇ."

"ಚಳಿಗಾಲಕ್ಕೆ ಬೇಕು, ಬಿಡಿ."

ಸೋಲನ್ನು ಅವರು ಇಷ್ಟು ಹಗುರವಾಗಿ ತೆಗೆದುಕೊಂಡಿದ್ದರು. ನಾನು ಸುಮ್ಮನಿದ್ದರೆ ಕಾಫಿ ಕುಡಿದು ಏಳುತ್ತಿದ್ದೆವು. ಮಾತಾಡಲೇಬೇಕಿದ್ದರೂ ಒಂದು ದಾರಿಯಿತ್ತು: ತಂತಿ ಕಿತ್ತುಹೋಗಿತ್ತು, ಈ ಪರೀಕ್ಷೆ ಲೆಕ್ಕಕ್ಕಿಲ್ಲ ಎನ್ನಬಹುದಿತ್ತು. ಅದೂ ನಿಜವೇ. ನಾನು ಹೇಳಿದ್ದು ಬೇರೆ.

"ಸಾರ್, ಏಳನೇ ಸಲದಿಂದ ಬಲಗಡೆ ಟ್ವೀಟರೇ ಇರ್ಲಿಲ್ಲ. ನಿಮಗೆ ಗೊತ್ತಾಗ್ಲೇ ಇಲ್ಲ."

ಅವರು ಎದ್ದು ಬಂದು ಬೆಡ್‌ಶೀಟನ್ನು ಸರಿಸಿದರು. ಜೋತುಬಿದ್ದ ತಂತಿಯನ್ನು ನೋಡಿದರು. ಮಂಡಿಯೂರಿ ಕೂತು ಅದನ್ನು ಸ್ವಸ್ಥಾನಕ್ಕೆ ಸಿಕ್ಕಿಸಿದರು. ಗೋಡೆಯ ರಟ್ಟನ್ನು ನೋಡದೆ ಅದೇ ರೆಕಾರ್ಡನ್ನು ಮೊದಲಿನಿಂದ ಹಾಕಿ ಕುರ್ಚಿಯಲ್ಲಿ ಕೂತರು. ಒಂದು ನಿಮಿಷ ಕೇಳಿ, ನಮ್ಮ ಕಡೆ ತಿರುಗಿದರು.

"ಈಗ ಸರಿ ಇದ್ಯೇನ್ರೀ?"

ಐದು ವರ್ಷಗಳಲ್ಲಿ ಅವರು ಆ ಪ್ರಶ್ನೆಯನ್ನು ಯಾರಿಗೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆ ಕೋಣೆಯಲ್ಲಿ ಅದನ್ನು ಕೇಳುತ್ತಿದ್ದವರು ನಾವು, ಉತ್ತರ ಕೊಡುತ್ತಿದ್ದವರು ಅವರು. "ಸರಿ ಇದೆ ಸಾರ್" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಮೆಟ್ಟಿಲಿಳಿಯುವಾಗ ಗೆಳೆಯ ನನ್ನ ಪುಸ್ತಕ ಕೇಳಿ ಆ ಹಾಳೆಯ ಫೋಟೊ ತೆಗೆದುಕೊಂಡ. ಕೊಟ್ಟವನು ನಾನೇ. ಸಂಜೆಯ ಹೊತ್ತಿಗೆ ಅದು ಹಳೆಯ ರೇಡಿಯೊ ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿತ್ತು. ಮತ್ತಿಕೆರೆಗೆ ಸೆಟ್ಟು ಹೊತ್ತು ಬರುತ್ತಿದ್ದವರೆಲ್ಲ ಇದ್ದ ಗುಂಪು. ಮತ್ತಿಕೆರೆಯ ಯಜಮಾನರೂ ಅದರಲ್ಲಿದ್ದರು. ಹತ್ತು ಸಾಲು, ಸರಿ ತಪ್ಪಿನ ಗುರುತು, ದಿನಾಂಕ, ಅಭ್ಯಾಸಬಲದಿಂದ ಕೆಳಗೆ ಹಾಕಿದ ನನ್ನ ಸಹಿ. "ಹೇಳಿಲ್ಲ" ಎಂಬ ಪದದ ಸುತ್ತ ಯಾರೋ ಕೆಂಪು ಸೊನ್ನೆ ಸುತ್ತಿ, ಅದರ ಪಕ್ಕ ನಗುವ ಮುಖಗಳನ್ನಿಟ್ಟಿದ್ದರು. "ಕಿವಿಗೂ ವಾಲ್ವ್ ಬದಲಾಯಿಸಬೇಕು" ಎಂದು ಇನ್ನೊಬ್ಬರು ಬರೆದಿದ್ದರು. ಮಾರನೆಯ ದಿನ ನೋಡಿದರೆ ಯಜಮಾನರು ಗುಂಪಿನಿಂದ ಹೊರಗೆ ಹೋಗಿದ್ದರು.

ಗೆಳೆಯನಿಗೆ ಫೋನ್ ಮಾಡಿ ಜಗಳವಾಡಿದೆ.

"ತಮಾಷೆಗೆ ಹಾಕ್ದೆ ಗುರು. ಇಷ್ಟು ಸೀರಿಯಸ್ ಆಗ್ತಾರೆ ಅಂತ ಯಾರಿಗ್ ಗೊತ್ತು?"

"ತೆಗಿ ಅದನ್ನ."

"ತೆಗೀತೀನಿ. ಆದ್ರೆ ನಾನೇನು ಸುಳ್ ಹಾಕಿದ್ನಾ? ಬರೆದೋನು ನೀನೇ ತಾನೆ? ಗೊತ್ತಿದ್ದೂ ಸುಮ್ನೆ ಕೂತಿದ್ದೋನೂ ನೀನೇ."

ಫೋನ್ ಇಟ್ಟೆ. ಈಗಲೂ ಅವನ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿ ಅರ್ಧಪಾಲು, ಅವನು ಹೇಳಿದ್ದು ಸರಿಯಾಗಿತ್ತು ಎಂಬುದಕ್ಕೆ.

ಮುಂದಿನ ಭಾನುವಾರ ಬರಲೇ ಎಂದು ಮತ್ತಿಕೆರೆಗೆ ಫೋನ್ ಮಾಡಿದರೆ, ಯಜಮಾನರು ಮನೆಗೆ ನೆಂಟರು ಬರುತ್ತಾರೆ ಎಂದರು. ಅದರ ಮುಂದಿನ ವಾರ ಮೈ ಸರಿಯಿಲ್ಲ. ಮೂರನೆಯ ಸಲ ಅವರ ಹೆಂಡತಿಯೇ ಫೋನ್ ತೆಗೆದು, "ಇವ್ರು ಮಲಗಿದಾರಪ್ಪ" ಎಂದರು, ಬೆಳಗಿನ ಹತ್ತು ಗಂಟೆಗೆ. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ರಿಪೇರಿಗೆ ಕೊಟ್ಟಿದ್ದ ಒಬ್ಬರು ತಮ್ಮ ರೇಡಿಯೊವನ್ನು ಹಾಗೆಯೇ ವಾಪಸು ಒಯ್ದರಂತೆ. ಅದು ಬ್ಯಾಂಕಿನ ಗೆಳೆಯನಿಂದ ತಿಳಿದದ್ದು. ಉಳಿದ ಸೆಟ್ಟುಗಳನ್ನು ಯಜಮಾನರೇ ಆಟೊದಲ್ಲಿ ಹಾಕಿಕೊಂಡು ಮನೆಮನೆಗೆ ತಲುಪಿಸಿ ಬಂದರಂತೆ. ಯಾರ ಮನೆಯೊಳಗೂ ಹೋಗಲಿಲ್ಲವಂತೆ.

ನಾಲ್ಕು ವರ್ಷ ಕಳೆದವು. 2018ರಲ್ಲಿ ಯಶವಂತಪುರದಲ್ಲಿ ಕೆಲಸವಿದ್ದ ಒಂದು ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಅವರ ಹೆಂಡತಿ ಗುರುತು ಹಿಡಿದರು.

"ಬನ್ನಿ ಬನ್ನಿ. ಎಷ್ಟು ವರ್ಷ ಆಯ್ತು!" ಕೂರಿಸಿ, ದನಿ ತಗ್ಗಿಸಿದರು. "ಕಿವಿ ಡಾಕ್ಟ್ರ ಹತ್ರ ಹೋಗಿದ್ವಿ. ಮಿಷನ್ ಕೊಟ್ಟಿದಾರೆ. ಹಾಕ್ಕೊಂಡ್ರೆ ಎಲ್ಲಾ ತಗಡು ಬಡಿದಂಗೆ ಕೇಳತ್ತೆ ಅಂತ ಬೀರುಲಿ ಇಟ್ಟಿದಾರೆ."

"ಮೇಲಿನ ರೂಮು ಬಾಡಿಗೆಗೆ ಕೊಟ್ರಾ ಅಮ್ಮ?"

"ಎಲ್ಲಿ? ಒಪ್ಪಲ್ಲ."

ಯಜಮಾನರು ಮಹಡಿಯಿಂದ ಇಳಿದು ಬಂದರು. ತೆಳ್ಳಗಾಗಿದ್ದರು. ಕೈಕುಲುಕಿ ಪತ್ರಿಕೆಯ ಬಗ್ಗೆ ವಿಚಾರಿಸಿದರು. ಬರುವ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದುದನ್ನು ನಾನು ಹೇಳಿದೆ: ಅವತ್ತು ನಾನು ಮಾಡಿದ್ದು ತಪ್ಪು ಸಾರ್.

"ಏನ್ ತಪ್ಪು? ನೀವು ಬರೆದಿದ್ದೆಲ್ಲ ಸರಿಯಾಗೇ ಇತ್ತಲ್ಲ." ಕೋಪದ ದನಿಯಲ್ಲ. "ಫ್ಯಾಕ್ಟರೀಲಿ ನಾನೂ ಹಂಗೇ ಮಾಡ್ತಿದ್ದೆ. ಬೇಕಂತ ಒಂದು ತಂತಿ ಬಿಚ್ಚಿಟ್ಟು ಹೊಸ ಹುಡುಗ್ರನ್ನ ಕೇಳಿಸ್ತಿದ್ದೆ. ಆದ್ರೆ ಕೆಲಸ ಕಲಿಸೋಕೆ ಅಂತ ಮೊದ್ಲೇ ಹೇಳ್ತಿದ್ದೆ."

ಹೆಂಡತಿ ಕಾಫಿ ತಂದಿಟ್ಟು, ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಚಪ್ಪಲಿ ಮೆಟ್ಟಿದರು.

"ಒಂದು ರೆಕಾರ್ಡ್ ಹಾಕಿ ಸಾರ್," ಎಂದೆ. "ಮೇಲೆ ಹೋಗಿ ಕೂತು ಕೇಳೋಣ."

ಅವರು ಬೇಡವೆನ್ನುವಂತೆ ಕೈಯಾಡಿಸಿದರು.

"ದಿನಾ ಹಾಕ್ತೀನಿ ಕಣ್ರೀ. ಇವ್ಳು ದೇವಸ್ಥಾನಕ್ಕೆ ಹೋದಾಗ. ಒಬ್ನೇ ಇದ್ರೆ ಚೆನ್ನಾಗೇ ಇರತ್ತೆ. ಎಷ್ಟು ಕೇಳತ್ತೋ ಅಷ್ಟು. ಪಕ್ಕದಲ್ಲಿ ಯಾರಾದ್ರೂ ಕೂತ್ರೆ, ಅವ್ರಿಗೇನು ಕೇಳಿಸ್ತಿದೆ, ನಂಗೇನು ಬಿಟ್ಟೋಯ್ತು ಅಂತ ಅವ್ರ ಮುಖಾನೇ ನೋಡ್ತಾ ಕೂತಿರ್ತೀನಿ. ಹಾಡು ಹೊರಟೋಗತ್ತೆ." ಲೋಟವನ್ನು ನನ್ನ ಕಡೆಗೆ ಸರಿಸಿದರು. "ಕುಡೀರಿ, ಆರೋಗತ್ತೆ."

ಕುಡಿದೆ. ಹೊರಗೆ ಗೇಟು ಮುಚ್ಚಿದ ಸದ್ದಾಯಿತು. ಅವರು ಒಮ್ಮೆ ಗಡಿಯಾರದ ಕಡೆ, ಒಮ್ಮೆ ಮೆಟ್ಟಿಲಿನ ಕಡೆ ನೋಡಿದರು. ಅವರೊಬ್ಬರೇ ಆಗಲು ಇನ್ನು ನಾನೊಬ್ಬ ಹೋಗುವುದು ಬಾಕಿಯಿತ್ತು. ಎದ್ದೆ. ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ ಎಂದು ಅವರು ಹೇಳಲಿಲ್ಲ.