ತೊಟ್ಟಿಲ ಕೆಳಗಿನ ಗಸಗಸೆ

ಗೆದ್ದಲೆಂದರೆ ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ನಾಲ್ಕಾರು ಬಾಡಿಗೆ ಮನೆಗಳನ್ನು ಕಂಡವಳು ನಾನು. ಗೋಡೆಯ ಮೇಲೆ ಬೆರಳಗಲದ ಮಣ್ಣಿನ ಗೆರೆ ಮೂಡಿದರೆ ಸಾಕು, ಪೊರಕೆಯ ಹಿಡಿಯಿಂದ ಕೆರೆದು, ಸೀಮೆಎಣ್ಣೆ ಸುರಿದು, ಬಾಗಿಲ ಚೌಕಟ್ಟನ್ನೊಮ್ಮೆ ಕುಟ್ಟಿ ನೋಡಿ ಒಲೆಯ ಮೇಲಿನ ಸಾರಿನ ಕಡೆಗೆ ಹೋಗುತ್ತಿದ್ದೆ. ಮಣ್ಣಿದ್ದರೆ ಗೆದ್ದಲು, ಮಣ್ಣಿಲ್ಲದಿದ್ದರೆ ಇಲ್ಲ. ಈ ಜ್ಞಾನವನ್ನು ತಲೆಯಲ್ಲಿಟ್ಟುಕೊಂಡೇ ಮಗಳ ಬಾಣಂತನಕ್ಕೆಂದು ನ್ಯೂಜಿಲೆಂಡಿಗೆ ಬಂದೆ.

ನನಗಿಂತ ಮೊದಲೇ ತೊಟ್ಟಿಲು ಬಂದಿತ್ತು. ನಾನು ಮಲಗಿದ್ದ, ಆಮೇಲೆ ನನ್ನ ಮಗಳು ಮಲಗಿದ್ದ ಮರದ ತೊಟ್ಟಿಲು. ನಾಲ್ಕು ಮೂಲೆಗೆ ನಾಲ್ಕು ಗಿಳಿ. ಬಣ್ಣವೆಲ್ಲ ಹೋಗಿ ಒಂದು ಗಿಳಿಯ ಕೊಕ್ಕಿನಲ್ಲಿ ಮಾತ್ರ ಸ್ವಲ್ಪ ಕೆಂಪು ಉಳಿದಿತ್ತು. ಮಗಳು ಬಸುರಿ ಎಂದು ತಿಳಿದ ದಿನದಿಂದ ಹಠ ಹಿಡಿದು, ಔಷಧಿ ಹೊಡೆಸಿ, ಹೊಡೆಸಿದ್ದಕ್ಕೆ ಪತ್ರ ಮಾಡಿಸಿ ಹಡಗಿಗೆ ಹಾಕಿಸಿದ್ದೆ. ಅಳಿಯ ಫೋನಿನಲ್ಲಿ, "ಇಲ್ಲೇ ಒಳ್ಳೊಳ್ಳೆ ಬೇಬಿ ಕಾಟ್ ಸಿಗತ್ತೆ ಅತ್ತೆ" ಎಂದು ಮೆಲ್ಲಗೆ ಹೇಳಿ ನೋಡಿದರು. "ಕಾಟಲ್ಲಿ ಬಟ್ಟೆ ಮಡಚಿಡಿ. ನನ್ನ ಮೊಮ್ಮಗಳು ತೊಟ್ಟಿಲಲ್ಲೇ ಮಲಗೋದು" ಎಂದೆ. ಹುಟ್ಟುವ ಮೊದಲೇ ಹೆಣ್ಣೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಪುಣ್ಯಕ್ಕೆ ಹೆಣ್ಣೇ ಆಯಿತು.

ಅಪ್ಪರ್ ಹಟ್ ಎಂಬ ಊರಿನ ಮಗಳ ಮನೆಯಲ್ಲಿ ಬಾಣಂತಿಯ ಕೋಣೆಯ ಕಿಟಕಿ ಪಕ್ಕ ತೊಟ್ಟಿಲನ್ನು ಅದರ ಕಾಲುಚೌಕಟ್ಟಿಗೆ ಸರಪಳಿ ಹಾಕಿ ತೂಗುಬಿಟ್ಟಿದ್ದರು. ಹೊರಗೆ ಮೂಳೆ ಕೊರೆಯುವ ಚಳಿ. ಬಾಣಂತಿಗೂ ಮಗುವಿಗೂ ಗಾಳಿ ತಾಗಬಾರದೆಂದು ನಾನು ಹೀಟ್ ಪಂಪನ್ನು ಹಗಲೂ ರಾತ್ರಿ ಓಡಿಸಿ ಕೋಣೆಯನ್ನು ಬೆಚ್ಚಗಿಟ್ಟಿದ್ದೆ. ಮುಂದಿನ ಭಾನುವಾರ ನಾಮಕರಣ, ಅಲ್ಲಿಯವರೆಗೆ ಮಗು ಕಾಟಿನಲ್ಲಿ. ಅಳಿಯ ಹೋಗುತ್ತ ಬರುತ್ತ ತೊಟ್ಟಿಲನ್ನು ಬೆರಳಿನಿಂದ ತಳ್ಳುತ್ತಿದ್ದರು. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಆಗಿಬರುವುದಿಲ್ಲ ಎಂದು ಗದರಿಸಿದೆ. ನಮ್ಮಲ್ಲಿ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ, ಆಮೇಲೇ ಮಗುವನ್ನು ಮಲಗಿಸುವುದು. ಆ ಕಲ್ಲನ್ನೂ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದೆ. ಏರ್‌ಪೋರ್ಟಿನಲ್ಲಿ ತಪಾಸಣೆಯ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಅರ್ಥವಾಗದೆ ನಕ್ಕು ಬಿಟ್ಟುಕೊಟ್ಟಳು.

ಒಂದು ಬೆಳಿಗ್ಗೆ ತೊಟ್ಟಿಲ ಕೆಳಗೆ ಗಸಗಸೆ ಚೆಲ್ಲಿತ್ತು. ಹಿಂದಿನ ದಿನವಷ್ಟೇ ಅಂಟಿನುಂಡೆಗೆ ಗಸಗಸೆ ಹುರಿದಿದ್ದೆ. ಉಂಡೆಯ ಡಬ್ಬಕ್ಕೆ ಅಳಿಯ ಆಗಾಗ ಕೈ ಹಾಕುತ್ತಿದ್ದುದು ನನಗೆ ಗೊತ್ತಿತ್ತು.

"ತಿನ್ನೋದಾದ್ರೆ ಅಡುಗೆಮನೇಲೇ ನಿಂತು ತಿನ್ನಿ, ಬಾಣಂತಿ ಕೋಣೇಲಿ ಚೆಲ್ಬೇಡಿ" ಎಂದೆ.

"ನಾನಲ್ಲ ಅತ್ತೆ" ಎಂದರು. ತುಂಟ ಮಗುವಿನ ಮಾತು ಕೇಳಿದಂತೆ ಕೇಳಿ, ಗುಡಿಸಿ ಹಾಕಿದೆ. ಮರುದಿನ ಮತ್ತೆ ಅದೇ ಜಾಗದಲ್ಲಿ ಒಂದು ಚಿಟಿಕೆ. ಅದರ ಮರುದಿನವೂ. ಅಷ್ಟು ಹೊತ್ತಿಗೆ ನನಗೂ ಅನುಮಾನ ಬಂದು ಒಂದು ಕಾಳನ್ನು ಹಲ್ಲಿನಲ್ಲಿಟ್ಟು ಕಡಿದೆ. ಮರಳಿನ ಹಾಗೆ ಕರಕರ ಎಂದಿತು, ರುಚಿಯೇ ಇಲ್ಲ. ಈ ದೇಶದ ಟೊಮೆಟೊಗೆ ಹುಳಿಯಿಲ್ಲ, ಗಸಗಸೆಗೆ ರುಚಿಯಿಲ್ಲ ಎಂದುಕೊಂಡು ಉಗಿದೆ. ಅದನ್ನು ನೆನೆದರೆ ಈಗಲೂ ಬಾಯಿ ತೊಳೆದುಕೊಳ್ಳಬೇಕೆನಿಸುತ್ತದೆ.

ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ರೆಕ್ಕೆಗಳು ಕಂಡವು. ತೆಳ್ಳಗೆ, ಉದ್ದಕ್ಕೆ, ಈರುಳ್ಳಿಯ ಒಳಪೊರೆಯಂಥ ರೆಕ್ಕೆಗಳು. ಹುಳ ಒಂದೂ ಇಲ್ಲ. ಅವನ್ನು ನಾನು ಗುರುತಿಸದೆ ಇರುತ್ತೇನೆಯೇ? ಮೊದಲ ಮಳೆ ಬಿದ್ದ ಸಂಜೆ ನಮ್ಮ ಬೀದಿ ದೀಪಗಳಿಗೆಲ್ಲ ಮುತ್ತಿಕೊಂಡು, ಬೆಳಿಗ್ಗೆ ಅಂಗಳದ ತುಂಬ ಉದುರಿ ಬಿದ್ದಿರುತ್ತಿದ್ದ ಗೆದ್ದಲಿನ ರೆಕ್ಕೆಗಳು. ಆದರೂ ಕೋಣೆಯ ಗೋಡೆಯನ್ನೆಲ್ಲ ಕಣ್ಣಲ್ಲೇ ಸವರಿದೆ. ಮಣ್ಣಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದೆ. ಅಲ್ಲೂ ಇಲ್ಲ. ಕೊನೆಗೆ ತೊಟ್ಟಿಲ ತಳದ ಹಲಗೆಯನ್ನು ಬೆರಳಗಂಟಿನಿಂದ ತಟ್ಟಿದೆ. ಖಾಲಿ ಡಬ್ಬದ ಸದ್ದು ಬಂತು. ಹೆಬ್ಬೆರಳು ಒತ್ತಿದರೆ ಹಪ್ಪಳದಂತೆ ಮುರಿದು ಒಳಕ್ಕೆ ಹೋಯಿತು. ಒಳಗೆ ಬೆಳ್ಳಗೆ ಏನೋ ಹರಿದಾಡಿದವು. ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ, ಎದ್ದಾಗ ಸೊಂಟ ಹಿಡಿದಿತ್ತು.

ಅಳಿಯ ಮೊದಲು, "ಬೋರರ್ ಇರಬೋದು ಅತ್ತೆ, ಇಲ್ಲಿ ಹಳೇ ಮನೆಗಳಲ್ಲೆಲ್ಲ ಇರತ್ತೆ" ಎಂದರು. ಬೋರರ್ ಎಂದರೆ ಇಲ್ಲಿನ ಮರ ಕೊರೆಯುವ ಹುಳವಂತೆ. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವರು ಫೋನಿನಲ್ಲಿ ಓದುತ್ತ ಓದುತ್ತ ಮುಖ ಸಣ್ಣದು ಮಾಡಿಕೊಂಡರು. ಬೋರರ್ ಆದರೆ ಹಿಟ್ಟಿನಂಥ ಪುಡಿ ಉದುರಬೇಕು, ಹೀಗೆ ಕಾಳುಕಾಳಾಗಿ ಅಲ್ಲ. ಇದು ಬೇರೆ ಜಾತಿಯ ಗೆದ್ದಲು, ಒಣಮರದೊಳಗೇ ಮನೆ ಮಾಡುವಂಥದು. ಕಾಳುಗಳು ಅದರ ಹಿಕ್ಕೆ.

"ಇದಕ್ಕೆ ಮಣ್ಣೇ ಬೇಡ್ವಂತೆ ಅತ್ತೆ. ಒಣಗಿದ ಮರ ಒಂದಿದ್ರೆ ಸಾಕಂತೆ. ಮೇಲೆ ಹೊಡೆದ ಔಷಧಿ ಒಳಗಿಳಿಯಲ್ವಂತೆ." ಫೋನನ್ನು ಕೆಳಗಿಟ್ಟು ಹೇಳಿದರು, "ಹೊರದೇಶದ ಹುಳ. ಗವರ್ನಮೆಂಟಿಗೆ ಫೋನ್ ಮಾಡಿ ಹೇಳ್ಬೇಕು."

"ಯಾರಿಗೂ ಏನೂ ಹೇಳ್ಬೇಡಿ" ಎಂದೆ. "ನಾನು ಸರಿ ಮಾಡ್ತೀನಿ."

ಏನು ಸರಿ ಮಾಡಿದೆನೋ. ನನ್ನ ಕಾಟ ತಡೆಯಲಾರದೆ ಅಳಿಯ ತೊಟ್ಟಿಲನ್ನು ಹಿತ್ತಿಲ ಕಡೆಯ ಮರದ ಜಗಲಿಯ ಮೇಲಿಟ್ಟರು. ಹಪ್ಪಳ ಒಣಗದ ಬಿಸಿಲಿಗೆ ಗೆದ್ದಲು ಸಾಯುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು, ಮತ್ತೆ ಒಳಗೆ ತಂದೆವು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತಳವನ್ನು ಒರೆಸಿದೆ. ಮನೆಯೆಲ್ಲ ನಾತ ಹರಡಿ ಮಗಳು ಕೂಸನ್ನು ಎದೆಗವಚಿಕೊಂಡು ನಡುಮನೆಗೆ ಓಡಿದಳು. ಅರಿಸಿನ ಹಚ್ಚಿದೆ, ಕರ್ಪೂರ ಇಟ್ಟೆ. ಮರುದಿನ ಬೆಳಿಗ್ಗೆ ಅರಿಸಿನದ ಮೇಲೇ ಕಾಳು ಬಿದ್ದಿದ್ದವು.

ಮಗಳು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಬಾಣಂತಿ ನೆಲದ ಮೇಲೆ ಕೂರಬಾರದು ಎನ್ನುವುದೂ ನನಗೆ ಆಗ ತೋಚಲಿಲ್ಲ.

"ಅಮ್ಮ, ನಮ್ಮೂರಲ್ಲಿ ಗೋಡೆ ಇಟ್ಟಿಗೇದು. ಬಾಗ್ಲು ತಿನ್ಕೊಂಡು ಹೋಗತ್ತೆ, ಅಷ್ಟೇ. ಇಲ್ಲಿ ಮನೇನೇ ಮರದ್ದು ಕಣಮ್ಮ. ಗೋಡೆ ಒಳಗೆ ಮರ, ನೆಲದಡಿ ಮರ, ಮೇಲೂ ಮರ. ಪಕ್ಕದ ಮನೇನೂ ಅಷ್ಟೇ. ಬೀದಿಗೆ ಬೀದೀನೇ ಹಾಗೆ."

ಅವಳು ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ. ನಾನು ಮೊದಲ ಸಲ ಆ ಮನೆಯ ಗೋಡೆಯನ್ನು ತಟ್ಟಿ ನೋಡಿದೆ. ಅದೂ ಒಳಗೆ ಟೊಳ್ಳಾದ ಸದ್ದನ್ನೇ ಕೊಟ್ಟಿತು. ಅದು ಆ ಗೋಡೆಯ ಮಾಮೂಲಿ ಸದ್ದು ಎಂದು ಮಗಳು ಹೇಳಿದರೂ ಪಕ್ಕದ ಗೋಡೆಯನ್ನೂ ತಟ್ಟಿದೆ. ನನ್ನ ಮೊಮ್ಮಗಳು ಮಲಗುವ ಮನೆಗೆ ನಾನೇ ಹಡಗಿನಲ್ಲಿ ಗೆದ್ದಲು ಕಳಿಸಿದ್ದೆ. ಇನ್ನು ಯಾವ ಬಾಯಲ್ಲಿ ಬೇಡವೆನ್ನಲಿ? ಮಗಳು ತಾನೇ ಫೋನ್ ಮಾಡಿದಳು.

ಇಬ್ಬರು ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಬಂದರು. ಗೋಡೆಗಳನ್ನು, ಕಿಟಕಿಗಳನ್ನು, ನೆಲವನ್ನು ದೀಪ ಹಿಡಿದು ನೋಡಿದರು. ತೊಟ್ಟಿಲ ಮುಂದೆ ಬಹಳ ಹೊತ್ತು ಮಂಡಿಯೂರಿ ಕೂತರು. ನನ್ನ ಇಂಗ್ಲಿಷು ತರಕಾರಿ ಅಂಗಡಿಯವರೆಗೆ ಮಾತ್ರ. ಮೂಲೆಯಲ್ಲಿ ನಿಂತು ಅವರ ಮುಖ, ಮಗಳ ಮುಖ ನೋಡುತ್ತಿದ್ದೆ.

"ಮನೆಗೆ ಹರಡಿದ ಹಾಗೆ ಕಾಣಲ್ವಂತೆ. ಮತ್ತೆ ಬಂದು ನೋಡ್ತಾರಂತೆ" ಎಂದಳು ಮಗಳು. "ತೊಟ್ಟಿಲು ತಗೊಂಡು ಹೋಗ್ತಾರೆ ಅಮ್ಮ. ವಾಪಸ್ ಕೊಡಲ್ಲ."

"ಔಷಧಿ ಹೊಡೆದ್ರೆ?"

"ಒಳಗೆಲ್ಲ ತಿಂದುಬಿಟ್ಟಿದೆ. ಏನೂ ಉಳಿಯಲ್ವಂತೆ. ಸುಡ್ತಾರೆ."

"ಗಿಳಿ? ಒಂದು ಗಿಳಿನಾದ್ರೂ ಬಿಚ್ಚಿ ಕೊಡೋಕೆ ಹೇಳೇ."

ಮಗಳು ಅದನ್ನು ಅವರಿಗೆ ಹೇಳಲೇ ಇಲ್ಲ. "ಅದೂ ಮರಾನೇ ಅಲ್ವಾ ಅಮ್ಮ" ಎಂದಳು.

ಗಂಡಸು ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿದ. ಇಬ್ಬರೂ ಕಾಲುಚೌಕಟ್ಟನ್ನು ಆ ಕಡೆ ಈ ಕಡೆ ಹಿಡಿದು ಎತ್ತಿದರು. ಎತ್ತಿದ ಕೂಡಲೇ ತೊಟ್ಟಿಲು ತೂಗತೊಡಗಿತು. ಸರಪಳಿ ಕಿರ್ ಎಂದಿತು. ನನ್ನಮ್ಮ ತೂಗುವಾಗಲೂ, ನಾನು ತೂಗುವಾಗಲೂ ಅದೇ ಸದ್ದು. ಖಾಲಿ ತೊಟ್ಟಿಲು ಅದರ ಪಾಡಿಗೆ ತೂಗುತ್ತಿತ್ತು, ಪಕ್ಕದ ಕಾಟಿನಲ್ಲಿ ಕೂಸು ಮಲಗಿತ್ತು.

"ನಿಲ್ಸಿ!" ಎಂದು ಕನ್ನಡದಲ್ಲೇ ಕೂಗಿದೆ. ಇಬ್ಬರೂ ಹೆದರಿ ಕೆಳಗಿಟ್ಟರು. ಓಡಿಹೋಗಿ ಸೂಟ್‌ಕೇಸಿನಿಂದ ಗುಂಡುಕಲ್ಲನ್ನು ತಂದೆ. ಆ ಹೆಂಗಸು ಮಗಳನ್ನು ಏನೋ ಕೇಳಿದಳು, ಮಗಳು ಅಳುತ್ತ ಏನೋ ಹೇಳಿದಳು. ಕಲ್ಲು ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ಮಾತ್ರ ನನಗೆ ತಿಳಿಸಿದಳು. ಹೋಗಲಿ ಎಂದೆ. ಆ ಹೆಂಗಸು ಗ್ಲೌಸು ತೆಗೆದು, ಎರಡೂ ಕೈ ಚಾಚಿ ಕಲ್ಲನ್ನು ಇಸಿದುಕೊಂಡು, ಮುರಿಯದೆ ಉಳಿದಿದ್ದ ಹಲಗೆಯ ಮೇಲೆ ಮೆಲ್ಲಗೆ ಮಲಗಿಸಿದಳು. ನಾನು ಒಂದೇ ಒಂದು ಸಲ ತೂಗಿದೆ.

ಪ್ಲಾಸ್ಟಿಕ್ ಸುತ್ತಿ, ಟೇಪು ಹಚ್ಚಿ, ಮೆಟ್ಟಿಲಿಳಿಸಿ ವ್ಯಾನಿನೊಳಗಿಟ್ಟರು. ವ್ಯಾನು ಹೋದ ಮೇಲೆ ಮಗಳು ತೊಟ್ಟಿಲಿದ್ದ ಜಾಗವನ್ನು ಗುಡಿಸುವುದಕ್ಕೆ ಬಗ್ಗಿದಳು. ಅಷ್ಟರಲ್ಲಿ ಕೂಸು ಅಳತೊಡಗಿತು. ಎತ್ತಿಕೊಂಡೆ. ಅಮ್ಮನ ಹತ್ತಿರ ಹಾಲು ಕುಡಿದು ಬಂದು, ತೇಗಿ, ನನ್ನ ಭುಜದ ಮೇಲೇ ನಿದ್ದೆ ಹೋಯಿತು. ಕಾಟ್ ಪಕ್ಕದಲ್ಲೇ ಇತ್ತು. "ಮಲಗಿಸಮ್ಮ, ಕೈ ನೋಯತ್ತೆ" ಎಂದು ಮಗಳು ಎಷ್ಟು ಸಲ ಹೇಳಿದರೂ, ಕತ್ತಲಾಗುವವರೆಗೆ ನಾನು ಕೂಸನ್ನು ಕೆಳಗಿಡಲಿಲ್ಲ.