ಬೇಕಂತಲೇ ಬೀಗ ಹಾಕದ ಜಾಗ

ನಾನು ಜಗಳಗಂಟಿಯಲ್ಲ. ಆದರೆ ಯೋಚಿಸಿ ಬಿಟ್ಟದ್ದನ್ನು ಯಾರಾದರೂ ‘ಮರೆತು ಬಿಟ್ಟಿದ್ದೀರಿ’ ಎಂದರೆ ಮಾತ್ರ ತಡೆಯಲಾಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಆಫೀಸು ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಇಂಟರ್ನೆಟ್ಟಿನ ಸಂದೇಶಗಳನ್ನು ದಾರಿಗೆ ಹಚ್ಚುವ ಪೆಟ್ಟಿಗೆಯೊಂದನ್ನು ತಯಾರಿಸುತ್ತಿದ್ದೆವು. ಅದರ ಕರ್ನಲ್, ಅಂದರೆ ಯಂತ್ರದ ಯಜಮಾನಿಕೆ ನಡೆಸುವ ಒಳಗಿನ ಪ್ರೋಗ್ರಾಮು, ನನ್ನ ಪಾಲಿಗೆ ಬಂದಿತ್ತು. ಹಾದುಹೋದ ಸಂದೇಶಗಳ ಎಣಿಕೆಯೊಂದು ಅದರಲ್ಲಿತ್ತು, ಪರದೆಯ ಮೇಲೆ ತೋರಿಸಲಿಕ್ಕೆ ಮಾತ್ರ. ಪೆಟ್ಟಿಗೆಯೊಳಗೆ ಲೆಕ್ಕ ಮಾಡುವ ಚಿಪ್ಪುಗಳು, ಅಂದರೆ ಪ್ರೊಸೆಸರ್‌ಗಳು, ಹಲವಿದ್ದು ಎಲ್ಲವೂ ಒಟ್ಟೊಟ್ಟಿಗೆ ಆ ಸಂಖ್ಯೆಗೆ ಕೈಹಾಕುತ್ತಿದ್ದವು. ಒಂದು ಮುಗಿಸುವವರೆಗೆ ಇನ್ನೊಂದನ್ನು ತಡೆಯಲು ‘ಲಾಕ್’ ಎಂಬ ಬೀಗವಿದೆ. ನಾನು ಹಾಕಿರಲಿಲ್ಲ; ಲೆಕ್ಕ ಆಗೊಮ್ಮೆ ಈಗೊಮ್ಮೆ ಒಂದೆರಡು ತಪ್ಪಬಹುದು, ಅಷ್ಟೇ.

ಚಾಮರಾಜಪೇಟೆಯ ಛತ್ರದಲ್ಲಿ ನಮ್ಮ ಚಿಕ್ಕಪ್ಪಂದಿರಿಬ್ಬರು ಊಟದ ತಲೆ ಎಣಿಸುವುದನ್ನು ನೋಡಿದ್ದೇನೆ. ಒಂದೆರಡು ತಪ್ಪಿದರೆ ಸಾರೇನೂ ಸಾಲದೆ ಹೋಗುವುದಿಲ್ಲ. ಎಣಿಕೆ ಪಕ್ಕಾ ಆಗಲೆಂದು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿಕೊಂಡರೆ ಮದುವೆಯೇ ಕೆಟ್ಟಿತು!

ನಮ್ಮ ಮ್ಯಾನೇಜರ್ ರಘುನಂದನ್ ಬೀಗವಿಲ್ಲದ ಇಂಥ ಜಾಗಗಳನ್ನು ಹುಡುಕುವ ಹೊಸ ತಪಾಸಣೆ ಸಾಫ್ಟ್‌ವೇರ್ ತರಿಸಿದರು. ಅದು ಕಿರುಚಿಕೊಂಡಿತು.

“ಲಾಕ್ ಹಾಕೋದು ಮರ್ತಿದೀರಾ,” ಎಂದರು ರಘುನಂದನ್.

“ಮರ್ತಿಲ್ಲ ಸರ್. ಬೇಕಂತಲೇ ಬಿಟ್ಟಿದೀನಿ.”

“ಗಿರಾಕಿಗಳು ಬರ್ತಿದಾರೆ. ರಿಪೋರ್ಟ್ ಕ್ಲೀನಾಗಿರ್ಬೇಕು. ಹಾಕ್ಬಿಡಿ.”

“ನಾನಂತೂ ಹಾಕಲ್ಲ.”

ಆ ಕಾಲಕ್ಕೆ ಆಫೀಸಿನಲ್ಲಿ ಹೀಗೆ ಹೇಳಿದವರು ಹೊಸ ಕೆಲಸ ಹುಡುಕಿಕೊಳ್ಳುತ್ತಿದ್ದರು. ರಘುನಂದನ್ ಕರ್ನಲ್ಲನ್ನು ನನ್ನ ಕೈಯಿಂದ ತೆಗೆದು ಸಹೋದ್ಯೋಗಿ ಗಿರೀಶನಿಗೆ ಕೊಟ್ಟರು. ಅವನು ಸಾಫ್ಟ್‌ವೇರ್ ಕಿರುಚಿದ ಕಡೆಯೆಲ್ಲ ಬೀಗ ಜಡಿದ. ಪೆಟ್ಟಿಗೆ ತೆವಳತೊಡಗಿತು, ಪ್ರೊಸೆಸರ್‌ಗಳು ಯಾರಿಗೂ ಬೇಡದ ನಿಖರತೆಗಾಗಿ ಸಾಲುಗಟ್ಟಿ ಕಾಯುತ್ತಿದ್ದವು.

ಗಿರೀಶ ನನ್ನ ಮೇಜಿಗೆ ಬಂದ. “ಏನ್ ಮಾಡ್ಲಿ, ನೀವೇ ಹೇಳಿ.”

ಇಬ್ಬರೂ ಕೂತು ಒಂದೊಂದೇ ಜಾಗವನ್ನು ಪರೀಕ್ಷಿಸಿದೆವು. ಒಂದು ಕಡೆ, ಒಂದು ಪ್ರೊಸೆಸರ್ ಬಳಸುತ್ತಿರುವ ಮೆಮೊರಿಯ ತುಣುಕನ್ನೇ ಇನ್ನೊಂದು ಖಾಲಿ ಮಾಡಿಬಿಡುವ ಅಪಾಯವಿತ್ತು. ಅದು ಎಣಿಕೆಯಲ್ಲ, ಉಣ್ಣುತ್ತಿರುವವನ ಎಲೆ ಎತ್ತಿದ ಹಾಗೆ. ಅಲ್ಲಿ ಬೀಗ ಉಳಿಯಲೇಬೇಕೆಂದು ನಾನೇ ಹಟ ಹಿಡಿದೆ. ಎಣಿಕೆಯದನ್ನು ಕಿತ್ತೆವು. ಬದಲಿಗೆ, ಇದು ಗೊತ್ತಿದ್ದೇ ಬಿಟ್ಟದ್ದೆಂದು ತಪಾಸಣೆಯ ಸಾಫ್ಟ್‌ವೇರಿಗೂ ಮನುಷ್ಯರಿಗೂ ತಿಳಿಯುವಂತೆ ಗುರುತು ಹಾಕಿ, ಏಕೆ ಬಿಟ್ಟೆವು, ಲೆಕ್ಕ ತಪ್ಪಿದರೆ ಏನು ಕೆಡುತ್ತದೆ, ಏನು ಕೆಡುವುದಿಲ್ಲ ಎಂದು ಪಕ್ಕದಲ್ಲೇ ಬರೆದೆ. ಕೆಳಗೆ ನನ್ನ ಹೆಸರು.

ಪೆಟ್ಟಿಗೆ ಮತ್ತೆ ಓಡಿತು, ರಿಪೋರ್ಟೂ ಕ್ಲೀನಾಯಿತು. “ಹೆಸರ್ಯಾಕ್ರೀ?” ಎಂದರು ರಘುನಂದನ್.

“ಬೈಯೋಕೆ ಬಂದೋರು ಗಿರೀಶನ್ನ ಹಿಡ್ಕೋಬಾರ್ದಲ್ಲ ಸರ್.”

ನಿಯಮ ಮುರಿಯುವುದು ಸುಲಭ. ಮುರಿದು ಅಲ್ಲೇ ನಿಂತು ಕಾರಣ ಹೇಳುವುದಕ್ಕೆ ಕಾಲಿನಲ್ಲಿ ಬಲ ಬೇಕು. ಗಿರಾಕಿಗಳು ಬಂದ ದಿನ ನಾನು ಪರದೆಯ ಪಕ್ಕದಲ್ಲೇ ನಿಂತಿದ್ದೆ. ಅವರ ಇಂಜಿನಿಯರು ಪರದೆಯ ಮೇಲೆ ಸರಿಯಾಗಿ ಅಲ್ಲಿಗೇ ಬೆರಳಿಟ್ಟು, “ಇಲ್ಲಿ ಲಾಕ್ ಯಾಕಿಲ್ಲ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ರಘುನಂದನ್ ಎದೆಯುಬ್ಬಿಸಿದರು: “ಬೇಕಂತಲೇ ಬಿಟ್ಟಿದೀವಿ ಸರ್.”

ಬಿಟ್ಟಿದೀವಿ! ಆ ಬಹುವಚನಕ್ಕೆ ನಾನೂ ತಕರಾರು ತೆಗೆಯಲಿಲ್ಲ; ಒಂದು ಕುರ್ಚಿ ಸರಿಸಿ ರಘುನಂದನ್ ಅವರಿಗೂ ನನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ.