ಡ್ರ್ಯಾಗನ್ ಅರ್ಧ ಸತ್ತಾಗ ಇಟ್ಟಂಗಿಹಾಳದಲ್ಲಿ ಎತ್ತು ಬಿತ್ತು

ಕೊರೊನಾ ಮುಗಿದ ಮರುವರ್ಷ ನಾನು ತಿಕೋಟಾ ಭಾಗದಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ಮನೆ ವಿಜಯಪುರದಲ್ಲಿ. ವಯಸ್ಸು ನಲವತ್ತೊಂಬತ್ತು. ತಲೆಯ ಮೇಲೆ ಎಣಿಸಬಹುದಾದಷ್ಟು ಕೂದಲು, ತಲೆಯೊಳಗೆ ಎಣಿಸಲಾಗದಷ್ಟು ಚಿಂತೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಬಲೇಶ್ವರದವರೆಗೆ ಹೋಗಿ ವಾಪಸು ಬಂದವನು ನಾನು. ವಿಷ ತಿಂದ ದನಕ್ಕೆ, ಹಾವು ಕಚ್ಚಿದ ದನಕ್ಕೆ ಬೇಕಾದ ಔಷಧಗಳ ಚೀಲ ಭಾನುವಾರವೂ ನನ್ನ ಸ್ಕೂಟರಿನಲ್ಲೇ ಇರುತ್ತಿತ್ತು. ಹೆಂಡತಿ ಸುನಂದಾ ಅದಕ್ಕೆ ‘ಸವತಿ’ ಎಂದು ಹೆಸರಿಟ್ಟಿದ್ದಳು.

ಇಂಥ ನನಗೆ ಲಾಕ್‌ಡೌನಿನಲ್ಲಿ ಒಂದು ಹುಚ್ಚು ಹತ್ತಿತ್ತು. ಮೊಬೈಲಿನಲ್ಲಿ ಆನ್‌ಲೈನ್ ಆಟ. ಎಂಟು ಜನ ಸೇರಿ ಒಂದು ಮಾಯಾಲೋಕದಲ್ಲಿ ರಾಕ್ಷಸರ ಜೊತೆ ಕಾದಾಡುವುದು. ಮುಂದೆ ನಿಂತು ಹೊಡೆತ ತಿನ್ನುವವನಿಗೆ ಟ್ಯಾಂಕ್ ಎನ್ನುತ್ತಾರೆ, ಹಿಂದೆ ನಿಂತು ಗಾಯ ಮಾಯಿಸುವವನಿಗೆ ಹೀಲರ್. ನಾನು ಹೀಲರ್. ನನ್ನ ಪಾತ್ರ ಬೆಳ್ಳಿ ಕೂದಲಿನ, ತೆಳ್ಳನೆಯ ಒಬ್ಬ ಯಕ್ಷಿಣಿ, ಹೆಸರು ಬೆಳ್ಳಿಗರಿ. ಆ ಲೋಕದಲ್ಲಿ ಪ್ರತಿ ಜೀವದ ತಲೆಯ ಮೇಲೂ ಒಂದು ಹಸಿರು ಪಟ್ಟಿ ಇರುತ್ತದೆ, ಅದರಲ್ಲಿ ಎಷ್ಟು ಪ್ರಾಣ ಉಳಿದಿದೆ ಎಂದು ಕಾಣುತ್ತದೆ. ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಎಮ್ಮೆಯ ತಲೆಯ ಮೇಲೂ ಅಂಥ ಪಟ್ಟಿ ಇರಲಿಲ್ಲ. ಆಟ ನನಗೆ ಯಾಕೆ ಅಷ್ಟು ಹಿಡಿಸಿತ್ತು ಎಂಬುದಕ್ಕೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ತಂಡದವರೆಲ್ಲ ನಮ್ಮ ಜಿಲ್ಲೆಯವರೇ ಎಂಬುದಷ್ಟೇ ಗೊತ್ತಿತ್ತು. ಹೆಸರು, ಉದ್ಯೋಗ ಕೇಳಬಾರದು ಎಂಬುದು ನಮ್ಮ ಕಟ್ಟಳೆ. ಆರು ಜನ ಮೈಕಿನಲ್ಲಿ ಮಾತಾಡುತ್ತಿದ್ದರು. ನಾನು ಮತ್ತು ನಮ್ಮ ಟ್ಯಾಂಕ್ ‘ಕಲ್ಲೆದೆ’ ಮಾತ್ರ ಟೈಪ್ ಮಾಡುವವರು. ಯಕ್ಷಿಣಿಯ ಬಾಯಿಂದ ನನ್ನ ಒಡಕು ದನಿ ಬಂದರೆ ಜನ ನಗುತ್ತಾರೆಂಬುದು ನನ್ನ ಕಾರಣ. ಕಲ್ಲೆದೆಯ ಕಾರಣ ಗೊತ್ತಿರಲಿಲ್ಲ. ಏಳಡಿ ಎತ್ತರದ, ಗುರಾಣಿ ಹಿಡಿದ ದೈತ್ಯ ಅದು. ಮೂಕನಿರಬೇಕೆಂದು ನಾವು ಅಂದುಕೊಂಡಿದ್ದೆವು.

ಏಪ್ರಿಲ್‌ನ ಒಂದು ಭಾನುವಾರ, ಮಧ್ಯಾಹ್ನ ಮೂರರ ಸುಮಾರು. ಹದಿನೈದು ನಿಮಿಷದೊಳಗೆ ಒಂದು ಡ್ರ್ಯಾಗನ್ ಕೊಲ್ಲಬೇಕಿತ್ತು. ಪರದೆಯ ಮೂಲೆಯಲ್ಲಿ ಗಡಿಯಾರ ಇಳಿಯುತ್ತಿತ್ತು. ಡ್ರ್ಯಾಗನ್ನಿನ ಪ್ರಾಣ ಅರ್ಧಕ್ಕೆ ಬಂದಾಗ ಕಲ್ಲೆದೆ ಇದ್ದಕ್ಕಿದ್ದಂತೆ ಗುರಾಣಿ ಇಳಿಸಿ ನಿಂತಿತು. ಡ್ರ್ಯಾಗನ್ ಅದನ್ನು ಸುಟ್ಟಿತು.

“ಲೇ ಕಲ್ಲೆದೆ, ಮಲಗೀಯೇನಲೇ?” ಎಂದು ತಂಡದವನೊಬ್ಬ ಕೂಗಿದ.

ಕಲ್ಲೆದೆಯ ಮೈಕಿನಿಂದ ಹೆಣ್ಣಿನ ದನಿ ಬಂತು. “ಯಣ್ಣಾ, ಆಟ ಬಿಡ್ರಿ. ಯಾರ ಕಡೀಗರ ದನದ ಡಾಕ್ಟರ್ ನಂಬರ್ ಇದ್ರ ಲಗೂನ ಕೊಡ್ರಿ. ನಮ್ಮ ಒಂದ್ ಎತ್ತು ಬಿದ್ದೈತಿ, ಇನ್ನೊಂದು ನಡಗಾಕತ್ತೈತಿ.”

ಗಡಿಯಾರದಲ್ಲಿ ಹನ್ನೊಂದು ನಿಮಿಷ ಬಾಕಿ ಇತ್ತು. ನನಗದು ಇವತ್ತಿಗೂ ನೆನಪಿದೆ.

ನಾನು ಮೈಕ್ ಗುಂಡಿಯ ಮೇಲೆ ಬೆರಳಿಟ್ಟೆ. ಆಮೇಲೆ ತೆಗೆದೆ. ಡಾಕ್ಟರು ಭಾನುವಾರ ಯಕ್ಷಿಣಿಯಾಗಿ ಕುಣಿಯುತ್ತಾನೆಂದು ತಿಕೋಟಾ ಸಂತೆಯಲ್ಲಿ ಸುದ್ದಿಯಾದರೆ? ಮೇಲಧಿಕಾರಿಯ ಕಿವಿಗೆ ಬಿದ್ದರೆ? ನಾಳೆ ಯಾವ ರೈತ ನನ್ನ ಸೂಜಿಯನ್ನು ನಂಬುತ್ತಾನೆ? ಕೊನೆಗೆ ಬುದ್ಧಿವಂತನಂತೆ ಆಸ್ಪತ್ರೆಯ ನಂಬರ್ ಟೈಪ್ ಮಾಡಿದೆ.

“ರಿಂಗ್ ಆಗಾಕತ್ತೈತಿ, ಯಾರೂ ಎತ್ತವಲ್ರು,” ಎಂದಳು.

ಎತ್ತುವವರು ಹೇಗೆ ಎತ್ತಬೇಕು? ಆ ಫೋನ್ ಬಡಿದುಕೊಳ್ಳುತ್ತಿದ್ದ ಕೋಣೆಯ ಕೀಲಿ ನನ್ನ ಜೇಬಿನಲ್ಲಿತ್ತು. ಸಹೋದ್ಯೋಗಿಯೊಬ್ಬರ ನಂಬರ್ ಟೈಪ್ ಮಾಡಿದೆ. ಸ್ವಿಚ್ ಆಫ್. ಅವಳ ಹಿಂದೆ ಗಂಡಸಿನ ದನಿ ಕೇಳಿಸಿತು: “ಹೊಟ್ಟಿ ಉಬ್ಬೈತಿ ವೈನಿ. ನಿಂತದ್ದನ್ನರ ನಾಕ್ ಸುತ್ತು ಅಡ್ಡಾಡಸ್ತೀನಿ. ಬಿದ್ದದ್ದನ್ನೂ ಎಬ್ಬಸೂಣು.”

ವೈನಿ ಎಂದರೆ ಅತ್ತಿಗೆ, ಹಾಗಾದರೆ ಅವನು ಮೈದುನ. ಹೊಟ್ಟೆ ಉಬ್ಬಿದ ದನವನ್ನು ಅಡ್ಡಾಡಿಸುವುದು ನಮ್ಮ ಕಡೆ ವಾಡಿಕೆ. ಆದರೆ ಉಬ್ಬರದಲ್ಲಿ ಎತ್ತು ಹಾಗೆ ನಡುಗುವುದಿಲ್ಲ. ‘ನಡೆಸಬೇಡಿ’ ಎಂದು ಟೈಪ್ ಮಾಡಿದೆ. ಅವಳು ಪರದೆ ನೋಡುತ್ತಿರಲಿಲ್ಲ. ಹೆಡ್‌ಫೋನಿನಲ್ಲಿ ಒಂದು ಉಸಿರು ಕೇಳಿಸಿತು. ಬಾಯಿ ತೆರೆದು ಗಾಳಿಯನ್ನು ಎಳೆದೆಳೆದು ಕುಡಿಯುವಂಥ ಉಸಿರು. ನಾನು ಮೈಕ್ ಒತ್ತಿದೆ. ಗಡಿಯಾರ ಏಳು ತೋರಿಸುತ್ತಿತ್ತು.

“ಎತ್ತು ಅಡ್ಡಾಡಸಬ್ಯಾಡ್ರಿ. ನಿಂದ್ರಸ್ರಿ ಮೊದಲ.”

“ಯಾರ್ರಿ ನೀವು?”

“ನಾ ಬೆಳ್ಳಿಗರಿ.”

“ಏನ್ ವೈನಿ,” ಎಂದ ಮೈದುನ, “ಆಟದಾಗಿನ ಗೊಂಬಿ ಮಾತು ಕೇಳಿ ಎತ್ತು ಕೊಲ್ತೀಯೇನು?”

ಅವನ ತಪ್ಪೇನೂ ಇರಲಿಲ್ಲ. “ನಾ ಡಾಕ್ಟರ್ ಬಿರಾದಾರ,” ಎಂದೆ. “ತಿಕೋಟಾ ದನದ ದವಾಖಾನಿಯಾಂವ. ಎತ್ತು ಏನ್ ತಿಂದಾವು?”

ಡ್ರ್ಯಾಗನ್ ಮಾತ್ರ ಗರ್ಜಿಸುತ್ತಿತ್ತು.

“ಕೂಳಿ ಜ್ವಾಳದ ಚಿಗರು ತಿಂದಾವ್ರಿ. ಮೊನ್ನಿ ಮಳಿ ಬಿತ್ತಲ್ಲ, ಇಸ ತೊಳದು ಹೋಗಿರ್ತೈತಿ ಅಂತ ಬಿಟ್ಟಿದ್ವಿ.”

ಕೊಯ್ದ ಜೋಳದ ಬುಡದಿಂದ ಮತ್ತೆ ಒಡೆಯುವ ಎಳೆ ಚಿಗುರಿನಲ್ಲಿ ಸಯನೈಡ್ ಆಗುವ ಅಂಶವಿರುತ್ತದೆ. ಅದು ಎಲೆಯ ಒಳಗಿನ ವಿಷ, ಎಲೆಯ ಮೇಲಿನ ಧೂಳಲ್ಲ, ಮಳೆಗೆ ತೊಳೆದು ಹೋಗುವುದಿಲ್ಲ. ಮಳೆಗೆ ಚಿಗುರು ಹೆಚ್ಚಾಗುತ್ತದೆ, ಅಷ್ಟೆ. ಆದರೆ ಬೇರೆ ವಿಷವೂ ಇರಬಹುದಿತ್ತು, ಅದರ ಮದ್ದು ಬೇರೆ. ಬಣ್ಣ ನೋಡದೆ ತೀರ್ಮಾನಿಸುವಂತಿರಲಿಲ್ಲ.

“ಕಣ್ಣಿನ ರೆಪ್ಪಿ ಹೊರಳಿಸಿ ಒಳಗ ನೋಡ್ರಿ. ಬಾಯಿ ವಸಡೂ ನೋಡ್ರಿ. ಯಾವ ಬಣ್ಣ ಐತಿ? ಕಂಡಷ್ಟ ಹೇಳ್ರಿ.”

“ಕೆಂಪ್ರಿ. ಕುಂಕುಮ ಕಲಿಸಿದಂಗ ಕೆಂಪು. ರಕ್ತ ಚೊಲೊ ಐತಿ ಅಂತಾನ್ರಿ ನಮ್ಮ ಮೈದುನ ಬಸು.”

ಚೊಲೊ ಇರಲಿಲ್ಲ. ಸಯನೈಡ್ ಹೊಕ್ಕ ಮೈಗೆ ರಕ್ತದಲ್ಲಿರುವ ಗಾಳಿಯನ್ನು ಬಳಸಲು ಬರುವುದಿಲ್ಲ. ಗಾಳಿ ರಕ್ತದಲ್ಲೇ ಉಳಿದು ಅದು ಕೆಂಪಾಗಿ ಹೊಳೆಯುತ್ತದೆ, ದನ ಮಾತ್ರ ಉಸಿರುಗಟ್ಟಿ ಸಾಯುತ್ತದೆ.

“ಊರ್ಯಾವ್ದು?”

“ಇಟ್ಟಂಗಿಹಾಳ್ರಿ. ಊರ ಹೊರಗ, ಹೊಲದಾಗಿನ ಮನಿ.”

ದೂರದ ಕಾಖಂಡಕಿ ಎಂದಿದ್ದರೆ ನಾನು ಕುಳಿತಲ್ಲೇ ಕೈಚೆಲ್ಲುತ್ತಿದ್ದೆ. ಇಟ್ಟಂಗಿಹಾಳ ವಿಜಯಪುರದ ಮಗ್ಗುಲಲ್ಲೇ ಇದೆ. ಸ್ಕೂಟರ್ ತೆಗೆದೆ. ಹೆಡ್‌ಫೋನ್ ಹೆಲ್ಮೆಟ್ಟಿನೊಳಗೇ ಇತ್ತು. ಒಬ್ಬರ ಫೋನ್ ನಂಬರ್ ಒಬ್ಬರು ಕೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ತಿಕೋಟಾ ರಸ್ತೆಯುದ್ದಕ್ಕೂ ಸತ್ತುಬಿದ್ದ ಕಲ್ಲೆದೆ ಸತ್ತುಬಿದ್ದ ಬೆಳ್ಳಿಗರಿಯ ಜೊತೆ ಮಾತಾಡಿತು. ನಿಂತ ಎತ್ತನ್ನು ನೆರಳಿಗೆ ಕಟ್ಟಿಸಿದೆ. ಬೆಲ್ಲದ ನೀರನ್ನು ಅದಕ್ಕೆ ಮಾತ್ರ ನಿಧಾನವಾಗಿ ಕುಡಿಸಿ, ಬಿದ್ದದ್ದಕ್ಕೆ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ ಎಂದೆ.

“ಬಿದ್ದದ್ದು ಕಾಲು ಬಡಿಯಾಕತ್ತೈತ್ರಿ,” ಎಂದಳು. ರೈಲ್ವೆ ಗೇಟು ದಾಟುವಾಗ, “ಈಗ ಬಡಿಯವಲ್ತು,” ಎಂದಳು.

ನಾನು ಹೋಗಿ ತಲುಪಿದಾಗ ಬಿದ್ದ ಎತ್ತು ಸತ್ತಿತ್ತು. ಇನ್ನೊಂದು ಬೇವಿನ ನೆರಳಿನಲ್ಲಿ ಮೊಣಕಾಲು ಮಡಿಸಲು ಹೊರಟಿತ್ತು. ಬಸು ಅದರ ಕೊರಳಿಗೆ ಹೆಗಲು ಕೊಟ್ಟು ನಿಂತಿದ್ದ. ಪಕ್ಕದಲ್ಲಿ ನಲವತ್ತರ ಹೆಣ್ಣುಮಗಳು, ಹೊಲಿಗೆಯ ಟೇಪು ಇನ್ನೂ ಕೊರಳಲ್ಲಿ. ಅವಳೇ ಕಲ್ಲೆದೆ. ಹೆಸರು ಶಾಂತಾ.

ಚೀಲದಲ್ಲಿದ್ದ ಸೋಡಿಯಂ ಥಯೋಸಲ್ಫೇಟ್ ಬಿಳಿ ಹರಳು. ಹಿಂದೆ ಫೋಟೋ ಸ್ಟುಡಿಯೋದವರು ಅದನ್ನು ಹೈಪೊ ಎಂದು ಬಳಸುತ್ತಿದ್ದರು. ಮೈಯಲ್ಲಿನ ಸಯನೈಡನ್ನು ಅದು ಮೂತ್ರದಲ್ಲಿ ಹೊರಹೋಗುವಂತೆ ಮಾಡುತ್ತದೆ. ಶುದ್ಧ ನೀರಿನಲ್ಲಿ ಕರಗಿಸಿ ಕೊರಳಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟೆ. ಸೂಜಿ ಎರಡನೇ ಸಲಕ್ಕೆ ಕೂತಿತು. ಮೊದಲ ಬಾಟಲಿಗೆ ಏನೂ ಆಗಲಿಲ್ಲ. ಎರಡನೆಯದು ಅರ್ಧವಾದಾಗ ಉಸಿರಿನ ಎಳೆತ ಸಡಿಲಾಯಿತು. ಅರ್ಧ ತಾಸಿನ ಮೇಲೆ ಎತ್ತು ಕಿವಿಯ ಮೇಲಿನ ನೊಣ ಓಡಿಸಿತು. ಬಸು ಹೆಗಲು ತೆಗೆದ. ಎತ್ತು ನಿಂತೇ ಇತ್ತು.

ಬಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನೀವ ಏನ್ರಿ ಬೆಳ್ಳಿಗರಿ? ಪೂರಾ ಬೋಳಾಗೀರಲ್ರಿ.”

ಶಾಂತಾ ನಗಲಿಲ್ಲ. ಸತ್ತ ಎತ್ತಿನ ಹಣೆಯ ಮೇಲೆ ಕೈಯಿಟ್ಟು ಕೂತಿದ್ದಳು. “ನಾ ಹೆಣ್ಮಗಳು ಅಂತ ಗೊತ್ತಾದ್ರ ತಂಡದಾಗ ಇಟ್ಕೊಳ್ಳೂದಿಲ್ಲ ಅಂತ ನಾ ಸುಮ್ನಿದ್ದೆ,” ಎಂದಳು. “ನೀವ್ಯಾಕ ಸುಮ್ನಿದ್ರಿ ಡಾಕ್ಟ್ರ? ನಾ ಕೇಳಿದ್ದು ಡಾಕ್ಟರ್ ನಂಬರ್ ಅಲ್ಲೇನ್ರಿ?”

ಹನ್ನೊಂದರಿಂದ ಏಳಕ್ಕೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಮೊದಲೇ ಹೊರಟಿದ್ದರೂ ಬಿದ್ದ ಎತ್ತು ಬದುಕುತ್ತಿರಲಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ನಾನು ಪುಸ್ತಕ ಓದಿದವನು, ಹಾಗಾಗಿ ಅದನ್ನು ನಂಬಬೇಕು. ಅವಳಿಗೆ ಮಾತ್ರ ಆ ಮಾತು ಹೇಳಲಿಲ್ಲ.

ರೋಗ ಹಿಡಿಯುವುದನ್ನು ಕಾಲೇಜಿನಲ್ಲಿ ಕಲಿಸಿದರು, ಸೂಜಿ ಚುಚ್ಚುವುದನ್ನು ತಿಕೋಟಾದ ಎಮ್ಮೆಗಳು ಕಲಿಸಿದವು. ಕೇಳಿದಾಗ ತಾನು ಯಾರೆಂದು ಹೇಳುವುದೂ ಚಿಕಿತ್ಸೆಯ ಮೊದಲ ಭಾಗ ಎಂಬುದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷವೂ ಒಂದು ಎತ್ತೂ ಬೇಕಾದವು. ಈಗಲೂ ಭಾನುವಾರ ಆಡುತ್ತೇನೆ. ಕಲ್ಲೆದೆಯೂ ಆಡುತ್ತಾಳೆ, ಮೈಕ್ ತೆರೆದು ಎಲ್ಲರನ್ನೂ ಬೈಯುತ್ತಾಳೆ. ಹೊಸಬರು ಯಾರೇ ತಂಡಕ್ಕೆ ಬರಲಿ, ನಮಸ್ಕಾರಕ್ಕೂ ಮೊದಲು ನಾನು ನನ್ನ ಒಡಕು ದನಿಯಲ್ಲಿ ಹೇಳಿಬಿಡುತ್ತೇನೆ: “ನಾ ದನದ ಡಾಕ್ಟರ್ ಅದೀನ್ರಿ. ಮನ್ಯಾಗ ದನ ಇದ್ರ ನಂಬರ್ ಬರಕೋರಿ.”